ಇನ್‌ಕಾಗ್ನಿಟೊ, ವಿಪಿಎನ್, ಟಾರ್: ಎಡವುವುದೆಲ್ಲಿ?

ಇನ್‌ಕಾಗ್ನಿಟೊ ಮೋಡ್ ಅಳಿಸುವುದು ನಮ್ಮದೇ ಸಾಧನದ ಹಿಸ್ಟರಿ, ಕುಕಿಗಳನ್ನು ಮಾತ್ರ. ಐಪಿ ವಿಳಾಸ ಜಾಲತಾಣಕ್ಕೆ ಕಾಣುತ್ತಲೇ ಇರುತ್ತದೆ.

ವಿಪಿಎನ್ ಅದನ್ನು ಮರೆಮಾಡುತ್ತದೆ, ನಿಜ. ಆದರೆ ನಂಬಿಕೆ ಇಂಟರ್ನೆಟ್ ಕಂಪನಿಯಿಂದ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ, ಅಷ್ಟೆ. ಭಾರತದಲ್ಲಿ ದೇಶವ್ಯಾಪಿ ವಿಪಿಎನ್ ನಿಷೇಧವಿಲ್ಲ. ಆದರೆ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಇಡಬೇಕೆಂದು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿತು (ಐಟಿ ಕಾಯ್ದೆ, ಸೆಕ್ಷನ್ 70ಬಿ).

ಅನಾಮಧೇಯ ಜಾಲವಾದ ಟಾರ್‌ನ ಮೂಲ, ಆನಿಯನ್ ರೂಟಿಂಗ್ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ, ಹ್ಯಾಕರ್‌ಗಳ ಕೋಣೆಯಲ್ಲಲ್ಲ! ಟಾರ್‌ನಲ್ಲಿ ಸಂದೇಶ ಸಾಮಾನ್ಯವಾಗಿ 3 ರಿಲೇಗಳನ್ನು (ಮಧ್ಯವರ್ತಿ ಸರ್ವರ್‌ಗಳನ್ನು) ದಾಟುತ್ತದೆ. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಕೊನೆಯ ರಿಲೇ ನಡೆಸುವವರು ಅದನ್ನು ಓದಬಲ್ಲರು. ಸ್ವಂತ ಖಾತೆಗೆ ಲಾಗಿನ್ ಆದರಂತೂ ಆ ತಾಣದ ಮಟ್ಟಿಗೆ ಅನಾಮಧೇಯತೆ ಮುಗಿಯಿತು. ಟಾರ್ ಬಳಕೆಯೂ ಭಾರತದಲ್ಲಿ ಅಪರಾಧವಲ್ಲ.