ಸಸ್ಯಕೋಶದ ಒತ್ತಡವೂ ಸವಳು ನೆಲದ ಕಬ್ಬೂ

ಉಗಾರ ಬುದ್ರುಕವು ಕೃಷ್ಣಾನದಿಯ ದಡದಲ್ಲಿರುವ ಗ್ರಾಮ. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್ ಸಂಸ್ಥೆಯ ಸಕ್ಕರೆ ಕಾರಖಾನೆಯು ನೆರೆಯ ಉಗಾರ ಖುರ್ದದಲ್ಲಿದೆ. ಈ ಸೀಮೆಗೆ ಕಬ್ಬೇ ಜೀವಾಳ. ಆದರೆ ಇಲ್ಲಿಯ ಸವಳು ಹೊಲಗಳಲ್ಲಿ ಒಂದು ವಿಚಿತ್ರವುಂಟು. ನೆಲವು ಒದ್ದೆಯಾಗಿಯೇ ಇರುತ್ತದೆ. ಆದರೂ ಕಬ್ಬು ಗಿಡ್ಡಾಗಿ, ಗೆಣ್ಣುಗಳು ಒತ್ತೊತ್ತಾಗಿ, ಬಾಯಾರಿದಂತೆ ಸೊರಗುತ್ತದೆ. ನೀರಿನ ನಡುವೆ ನಿಂತ ಪೈರಿಗೆ ನೀರಡಿಕೆಯೇಕೆ? ಇದಕ್ಕೆ ಉತ್ತರವು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಸಸ್ಯಕೋಶದಲ್ಲಿದೆ.

ಸಸ್ಯಕೋಶವನ್ನು ಕಾಲ್ಚೆಂಡಿಗೆ ಹೋಲಿಸಬಹುದು. ಚೆಂಡಿನಲ್ಲಿ ಒಳಗೆ ರಬ್ಬರಿನ ಚೀಲ, ಹೊರಗೆ ಗಟ್ಟಿಯಾದ ಚರ್ಮ. ಕೋಶದಲ್ಲಿಯೂ ಒಳಗೆ ತೆಳುವಾದ ಪೊರೆ, ಹೊರಗೆ ಸೆಲ್ಲುಲೋಸಿನ ಭಿತ್ತಿ. ಚೆಂಡಿಗೆ ನಾವು ಗಾಳಿಯನ್ನು ತುಂಬುತ್ತೇವೆ. ಕೋಶವಾದರೋ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಅದರ ರಸದಲ್ಲಿ ಸಕ್ಕರೆಯೂ ಲವಣಗಳೂ ಕರಗಿವೆ. ಪೊರೆಯು ನೀರನ್ನು ಸುಲಭವಾಗಿ ಹಾಯಗೊಡುತ್ತದೆ, ಕರಗಿದ ಪದಾರ್ಥಗಳನ್ನು ಹಾಗೆ ಬಿಡುವುದಿಲ್ಲ. ಆದುದರಿಂದ ನೀರು ತಿಳಿಯಾದ ಕಡೆಯಿಂದ ಸಾಂದ್ರವಾದ ಕಡೆಗೆ ಸಾಗುವುದು. ಇದಕ್ಕೆ ಅಭಿಸರಣವೆಂದು ಹೆಸರು. ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಎಂಬ ಸಸ್ಯಶಾಸ್ತ್ರಜ್ಞನು ಇದರ ಒತ್ತಡವನ್ನು ಅಳೆದು 1877ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಇದನ್ನು ಅಡಿಗೆಯ ಮನೆಯಲ್ಲಿಯೇ ಪರೀಕ್ಷಿಸಬಹುದು. ಹಸಿ ಬಟಾಟೆಯ ಎರಡು ಸಮನಾದ ಹೋಳುಗಳನ್ನು ಬೆರಳಿನಂತೆ ಉದ್ದವಾಗಿ ಕೊಯ್ದು, ಒಂದನ್ನು ಬರಿಯ ನೀರಿನಲ್ಲಿಯೂ ಮತ್ತೊಂದನ್ನು ಉಪ್ಪು ಕದಡಿದ ನೀರಿನಲ್ಲಿಯೂ ಇಡಿರಿ. ಕೆಲವು ಗಂಟೆಗಳ ಮೇಲೆ ಮೊದಲನೆಯದು ಬಿರುಸಾಗಿರುವುದು. ಎರಡನೆಯದು ಬಳ್ಳಿಯಂತೆ ಬಾಗುವುದು. ಸೌತೆಯ ಹೋಳಿಗೆ ಉಪ್ಪು ಬೆರೆಸಿದೊಡನೆ ನೀರು ಬಿಡುವುದೂ ಇದೇ ಕಾರಣದಿಂದ.

ಇನ್ನು ಲೆಕ್ಕಕ್ಕೆ ಬರೋಣ. ವಾತಾವರಣದ ಒತ್ತಡವನ್ನು ಒಂದು ವಾಯುಭಾರವೆಂದು ಕರೆಯೋಣ. ಅದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮ್ ತೂಕ. ಸಸ್ಯಕೋಶಗಳ ಒಳಗಿನ ಒತ್ತಡವು ಸಾಮಾನ್ಯವಾಗಿ 3ರಿಂದ 10 ವಾಯುಭಾರ. ಒಂದು ದುಂಡಗಿನ ಕೋಶದ ತ್ರಿಜ್ಯವು ಭಿತ್ತಿಯ ದಪ್ಪದ 50 ಪಟ್ಟು, ಒಳಗಿನ ಒತ್ತಡ 5 ವಾಯುಭಾರವೆಂದು ಇಟ್ಟುಕೊಳ್ಳಿರಿ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಭಿತ್ತಿಯ ಮೇಲಿನ ಎಳೆತವು ದೊರೆಯುವುದು. ಅದು 5ರ 25 ಪಟ್ಟು, ಅಂದರೆ 125 ವಾಯುಭಾರ! ಇಷ್ಟನ್ನು ತಾಳಿಕೊಳ್ಳುವುದರಿಂದಲೇ ಎಳೆಯ ಎಲೆಯು ಎಲುಬಿಲ್ಲದೆಯೂ ನೆಟ್ಟಗೆ ನಿಲ್ಲಬಲ್ಲದು. ಕೊಳವೆಯಾಕಾರದ ಕೋಶದಲ್ಲಿ ಸುತ್ತಳತೆಯ ಕಡೆಗಿನ ಎಳೆತವು ಉದ್ದದ ಕಡೆಗಿನದರ ಎರಡರಷ್ಟು. ಆದರೂ ಬೆಳೆಯುವ ಕಾಂಡದ ಕೋಶಗಳು ಊದದೆ ಉದ್ದವಾಗುತ್ತವೆ; ಏಕೆಂದರೆ ಪೀಪಾಯಿಯ ಪಟ್ಟಿಗಳಂತೆ ಸೆಲ್ಲುಲೋಸಿನ ಎಳೆಗಳು ಅವುಗಳನ್ನು ಅಡ್ಡಲಾಗಿ ಬಿಗಿದಿರುತ್ತವೆ.

ಒತ್ತಡವಿದ್ದ ಮಾತ್ರಕ್ಕೆ ಬೆಳವಣಿಗೆಯಾಗದು. ಅದು ಒಂದು ಮಿತಿಯನ್ನು ದಾಟಿದಾಗಲೇ ಭಿತ್ತಿಯು ಸಡಿಲಿ ಹಿಗ್ಗುವುದು. ಮಿತಿಗಿಂತ ಎಷ್ಟು ಹೆಚ್ಚೋ ಅಷ್ಟು ವೇಗವಾಗಿ ಬೆಳೆಯುವುದು. 1965ರಲ್ಲಿ ಜೇಮ್ಸ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿಯು ಇದನ್ನು ಸಮೀಕರಣದ ರೂಪದಲ್ಲಿ ನಿರೂಪಿಸಿದನು.

ಈಗ ಈ ಲೆಕ್ಕವನ್ನು ಸವಳು ಹೊಲಕ್ಕೆ ಹಚ್ಚಿ ನೋಡೋಣ. ಕೋಶರಸವು 8 ವಾಯುಭಾರದಿಂದ ನೀರನ್ನು ಸೆಳೆಯಬಲ್ಲದೆಂದೂ ಬೆಳವಣಿಗೆಯ ಮಿತಿಯು 3 ಎಂದೂ ಭಾವಿಸಿರಿ. ಬೇರಿನ ಸುತ್ತ ಸಿಹಿನೀರಿದ್ದರೆ ಒಳಗಿನ ಒತ್ತಡವು 8ರವರೆಗೆ ಏರಬಹುದು. ಬೆಳವಣಿಗೆಗೆ 5 ಉಳಿಯಿತು. ಲೀಟರಿಗೆ 5 ಗ್ರಾಮ್ ಅಡಿಗೆಯ ಉಪ್ಪು ಕರಗಿದ ನೀರಿಗೆ ತನ್ನದೇ ಆದ ಸುಮಾರು 4 ವಾಯುಭಾರದ ಸೆಳೆತವಿದೆ. ಅಂತಹ ನೀರು ಬೇರನ್ನು ಸುತ್ತುವರಿದರೆ ಒತ್ತಡವು 4ಕ್ಕೆ ನಿಲ್ಲುವುದು. ಬೆಳವಣಿಗೆಗೆ ಉಳಿದುದು 1 ಮಾತ್ರ. ಒತ್ತಡವು ಅರ್ಧಕ್ಕಿಳಿದರೆ ಬೆಳವಣಿಗೆಯು ಐದನೆಯ ಒಂದು ಪಾಲಿಗೆ ಇಳಿಯಿತು! ಎಲೆಯು ಬಾಡುವ ಮುಂಚೆಯೇ ನಷ್ಟವು ಆಗಿಹೋಗಿರುತ್ತದೆ. ಸಸ್ಯವು ತನ್ನ ರಸವನ್ನು ಇನ್ನಷ್ಟು ಸಾಂದ್ರಗೊಳಿಸಿ ಒತ್ತಡವನ್ನು ಕಾಯ್ದುಕೊಳ್ಳಲು ಹವಣಿಸುವುದು ನಿಜ. ಆದರೆ ಅದಕ್ಕೆ ಬೆಳವಣಿಗೆಗೆ ಬೇಕಾದ ಸಾಮಗ್ರಿಯೇ ವೆಚ್ಚವಾಗುವುದು. ಹೊಲವು ಜವಳೂ ಆಗಿದ್ದರೆ ಬೇರಿಗೆ ಗಾಳಿಯೂ ದೊರೆಯದು.

ಹೀಗಿರಲು, ಕಬ್ಬು ಸೊರಗಿತೆಂದು ಮತ್ತೆ ಮತ್ತೆ ನೀರು ಹಾಯಿಸುವುದು ಮದ್ದಾಗದು. ಬಸಿದು ಹೋಗಲು ದಾರಿಯಿಲ್ಲದ ಎರೆಭೂಮಿಯಲ್ಲಿ ಆ ನೀರು ಅಂತರ್ಜಲವನ್ನು ಮೇಲೇರಿಸುವುದು; ಬಿಸಿಲಿಗೆ ನೀರು ಆರಿ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುವುದು. ಮೊದಲು ಉಪ್ಪುನೀರು ಹೊರಹೋಗಬೇಕು. ಇದಕ್ಕಾಗಿಯೇ ಉಗಾರ ಬುದ್ರುಕದ ಹೊಲಗಳಲ್ಲಿ ನೆಲದೊಳಗೆ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ನೀರನ್ನು ಬಸಿಯುವ ಕೆಲಸವನ್ನು ನಡೆಯಿಸಲಾಗಿದೆ. ಮಳೆಯ ಅಥವಾ ನದಿಯ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದು ಈ ಕೊಳವೆಗಳಿಗೆ ಇಳಿಸುವುದು.

ವಿದ್ಯಾರ್ಥಿನಿಯರೇ, ಮುಂದೆ ಕಬ್ಬಿನ ಗಳವೊಂದು ಕೈಗೆ ಬಂದಾಗ ಗೆಣ್ಣುಗಳ ನಡುವಿನ ಅಂತರವನ್ನು ಅಳೆದು ನೋಡಿರಿ. ನೀಳವಾದ ಭಾಗವು ಕೋಶಗಳಿಗೆ ಒತ್ತಡವು ಸಾಕಷ್ಟಿದ್ದ ದಿನಗಳಲ್ಲಿ ಬೆಳೆದುದು. ಗಿಡ್ಡಾದುದು ಹಲವು ವೇಳೆ ನೀರಡಿಕೆಯ ದಿನಗಳದು. ಅದನ್ನು ಓದಬಲ್ಲವರು ಹೊಲದ ಯಜಮಾನರಿಗೆ ಕೇಳಬೇಕಾದ ಪ್ರಶ್ನೆಯು, ಎಷ್ಟು ನೀರು ಬಿಟ್ಟಿರಿ ಎಂಬುದಷ್ಟೇ ಅಲ್ಲ, ಬಿಟ್ಟ ನೀರಿಗೆ ಬಸಿದು ಹೋಗುವ ದಾರಿಯುಂಟೇ ಎಂಬುದೂ ಆಗಿದೆ.