ಶಿಶ್ನದ ಕೃತಕ ಸಾಧನ: ಎರಡನೆಯ ಶಸ್ತ್ರಕ್ರಿಯೆಗೆ ಮುನ್ನ

ಗುಳಿಗೆ, ಚುಚ್ಚುಮದ್ದುಗಳಿಂದ ನಿಮಿರು ದೌರ್ಬಲ್ಯ ನೀಗದಿದ್ದಾಗ ಶಿಶ್ನದೊಳಗೆ ಕೃತಕ ಸಾಧನ ಅಳವಡಿಸುವುದುಂಟು. ಬಾಗುವ ಸರಳುಗಳದು ಒಂದು ಬಗೆ. 1973ರಲ್ಲಿ ಅಮೆರಿಕದ ಡಾ. ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ಪರಿಚಯಿಸಿದ ಉಬ್ಬುವ ಸಾಧನ ಇನ್ನೊಂದು. ವೃಷಣ ಚೀಲದಲ್ಲಿರುವ ಪುಟ್ಟ ಪಂಪನ್ನು ಒತ್ತಿದರೆ ದ್ರವವು ಶಿಶ್ನದೊಳಗಿನ ಕೊಳವೆಗಳಿಗೆ ಹರಿದು ಗಡಸುತನ ಬರುತ್ತದೆ.

ಯಂತ್ರವೆಂದ ಮೇಲೆ ಸವೆತ ತಪ್ಪಿದ್ದಲ್ಲ. ಹತ್ತು ವರ್ಷಗಳ ನಂತರವೂ ಹೆಚ್ಚಿನವು ಕೆಲಸ ಮಾಡುತ್ತವೆ, ಕೆಲವು ಸೋರುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು ಎಂದುಕೊಳ್ಳುವವರಿದ್ದಾರೆ. ಅದು ಅಷ್ಟು ಸುಲಭವಲ್ಲ.

ಸಾಧನದ ಸುತ್ತ ದೇಹವು ಗಟ್ಟಿ ಪೊರೆಯೊಂದನ್ನು ಕಟ್ಟಿಕೊಂಡಿರುತ್ತದೆ. ರೋಗಲಕ್ಷಣಗಳಿಲ್ಲದಿದ್ದರೂ ಸಾಧನದ ಮೇಲೆ ಸೂಕ್ಷ್ಮಾಣುಗಳು ಲೋಳೆಯ ಪದರದಲ್ಲಿ ಅಡಗಿರಬಹುದು. ಔಷಧಿ ಅಲ್ಲಿಗೆ ಸರಿಯಾಗಿ ತಲುಪದು. ಆದ್ದರಿಂದಲೇ ಮೊದಲ ಶಸ್ತ್ರಕ್ರಿಯೆಗಿಂತ ಎರಡನೆಯದರಲ್ಲಿ ಸೋಂಕಿನ ಭಯ ಹೆಚ್ಚು. ಹಳೆಯ ಸಾಧನದ ಭಾಗಗಳನ್ನು ತೆಗೆದು, ಆ ಜಾಗವನ್ನು ಚೆನ್ನಾಗಿ ತೊಳೆದು, ಜೀವಿರೋಧಕ ಲೇಪನವಿರುವ ಹೊಸದನ್ನು ಇಟ್ಟರೆ ಈ ಅಪಾಯ ತಗ್ಗುತ್ತದೆ.

ಸೋಂಕು ತಗುಲಿದರೆ ಸಾಮಾನ್ಯವಾಗಿ ಇಡೀ ಸಾಧನವನ್ನೇ ತೆಗೆಯಬೇಕಾಗುತ್ತದೆ. ಆ ಜಾಗ ತಿಂಗಳುಗಟ್ಟಲೆ ಖಾಲಿ ಉಳಿದರೆ ಒಳಗೆ ಕಲೆಗಟ್ಟಿ ಶಿಶ್ನ ಕುಗ್ಗುತ್ತದೆ, ಮರುಜೋಡಣೆ ಕಷ್ಟವಾಗುತ್ತದೆ. ಸೋಂಕು ತೀವ್ರವಾಗಿಲ್ಲದಿದ್ದರೆ, ತೊಳೆದು ಅದೇ ಸರದಿಯಲ್ಲಿ ಹೊಸದನ್ನು ಇಡುವ ವಿಧಾನವನ್ನು ಡಾ. ಜಾನ್ ಮಲ್ಕಾಹಿ 1990ರ ದಶಕದಲ್ಲಿ ರೂಢಿಗೆ ತಂದರು. ಬೇಗ ಬಂದ ರೋಗಿಗೆ ಮಾತ್ರ ಈ ಅವಕಾಶ ಉಳಿದಿರುತ್ತದೆ. ಸೋಂಕು ರಕ್ತಕ್ಕೆ ಹರಡಿದ್ದರೆ ಇದು ಸಲ್ಲದು.

ಸಾಧನ ಉಬ್ಬದಿರುವುದು ತುರ್ತು ಸಂಗತಿಯಲ್ಲ. ಆದರೆ ಹೊಸದಾಗಿ ನೋವು, ಕೆಂಪು, ಊತ, ಜ್ವರ, ಕೀವು ಕಂಡರೆ, ಪಂಪು ಚರ್ಮಕ್ಕೆ ಅಂಟಿಕೊಂಡರೆ, ಸಾಧನ ಹೊರಗೆ ಇಣುಕಿದರೆ ಒಂದು ದಿನವೂ ಕಾಯಬಾರದು.

ಎರಡನೆಯ ಶಸ್ತ್ರಕ್ರಿಯೆಗೆ ಮುನ್ನ ಮಧುಮೇಹ ಹತೋಟಿಯಲ್ಲಿರಬೇಕು, ಧೂಮಪಾನ ನಿಲ್ಲಬೇಕು. ಹಿಂದಿನ ಶಸ್ತ್ರಕ್ರಿಯೆಯ ದಾಖಲೆ ಹಾಗೂ ಸಾಧನದ ಚೀಟಿಯನ್ನು ಜೊತೆಗೊಯ್ಯಿರಿ. ಇಂಥ ಶಸ್ತ್ರಕ್ರಿಯೆಯಲ್ಲಿ ನುರಿತ ಮೂತ್ರಾಂಗ ತಜ್ಞರನ್ನೇ ಕಾಣುವುದು ಲೇಸು.

ಮರುಶಸ್ತ್ರಕ್ರಿಯೆಯ ನಂತರವೂ ಅನೇಕ ದಂಪತಿಗಳು ತೃಪ್ತರಾಗಿರುತ್ತಾರೆ. ಆದರೆ ಕಳೆದುಹೋದ ಉದ್ದ ಸಾಮಾನ್ಯವಾಗಿ ಮರಳುವುದಿಲ್ಲ. ಈ ಮಾತನ್ನು ಪತಿ-ಪತ್ನಿ ಇಬ್ಬರೂ ವೈದ್ಯರೆದುರು ಕುಳಿತು ಮೊದಲೇ ತಿಳಿದುಕೊಳ್ಳಬೇಕು. ನಾಚಿಕೆಯಿಂದ ಬಚ್ಚಿಟ್ಟ ನೋವು, ಚಿಕಿತ್ಸೆಯ ದಾರಿಯನ್ನೇ ಕಿರಿದಾಗಿಸುತ್ತದೆ.