ಬಾಗಿಲು ಮುಚ್ಚುವ ಮುನ್ನ

ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ನಾವು ಕೇಳುವುದು, ‘ಗಂಡೋ, ಹೆಣ್ಣೋ?’ ಹೆಚ್ಚಿನ ಸಲ ಉತ್ತರ ತಕ್ಷಣ ಸಿಗುತ್ತದೆ. ಅಪರೂಪಕ್ಕೆ ವೈದ್ಯರೂ ಪರೀಕ್ಷೆ ಮಾಡಿಯೇ ಹೇಳಬೇಕಾಗುತ್ತದೆ. ಇನ್ನು ಕೆಲವರ ವಿಷಯದಲ್ಲಿ ಹುಟ್ಟುವಾಗ ಯಾವ ಗೊಂದಲವೂ ಇರುವುದಿಲ್ಲ. ಬೆಳೆಯುತ್ತಾ, ‘ನೀವು ಹೇಳುವ ಲಿಂಗ ನನ್ನದಲ್ಲ’ ಎಂಬ ಅರಿವು ಅವರಲ್ಲಿ ಗಟ್ಟಿಯಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಎಷ್ಟೋ ಮನೆಗಳು ಮಾಡುವುದು ಒಂದೇ: ಮುಚ್ಚಿಡುವುದು. ಅಪಾಯ ಶುರುವಾಗುವುದು ಅಲ್ಲಿಂದಲೇ.

ಎರಡೂ ಒಂದೇ ಅಲ್ಲ

ಜನನಾಂಗ, ವರ್ಣತಂತು ಅಥವಾ ಹಾರ್ಮೋನುಗಳಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುವವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಹಳೆಯ ಫಿಕ್‌ಹ್ ಗ್ರಂಥಗಳು ಇಂಥವರನ್ನು ‘ಖುನ್ಸಾ’ ಎಂದು ಕರೆದು, ಅವರ ನಮಾಝ್ ಮತ್ತು ವಾರೀಸು ಪಾಲಿನ ಬಗ್ಗೆ ವಿವರವಾಗಿ ಚರ್ಚಿಸಿವೆ. ಟ್ರಾನ್ಸ್‌ಜೆಂಡರ್ ಎಂದರೆ ಬೇರೆ. ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ತಮ್ಮೊಳಗಿನ ಅರಿವಿಗೂ ಹೊಂದಾಣಿಕೆ ಇಲ್ಲದವರು ಅವರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇದು ಮಾನಸಿಕ ಕಾಯಿಲೆಗಳ ವಿಭಾಗದಲ್ಲಿ ಇಲ್ಲ.

ನವಜಾತ ಶಿಶು

ಜನನಾಂಗದ ರಚನೆ ಸ್ಪಷ್ಟವಾಗಿಲ್ಲದಿದ್ದರೆ ನಾಚಿಕೆಯಿಂದ ಮಗುವನ್ನು ಮನೆಗೆ ಒಯ್ದು ಬಚ್ಚಿಡಬೇಡಿ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷ. ಅದರ ತೀವ್ರ ರೂಪದಲ್ಲಿ ಮಗುವಿನ ದೇಹ ಉಪ್ಪಿನಂಶ ಕಳೆದುಕೊಳ್ಳುತ್ತದೆ. ಮೊದಲ ಕೆಲವು ವಾರಗಳಲ್ಲೇ ವಾಂತಿ, ಹಾಲು ಕುಡಿಯದಿರುವುದು, ತೂಕ ಇಳಿಯುವುದು, ನಿತ್ರಾಣ ಕಾಣಿಸಿಕೊಂಡು ಪ್ರಾಣವೇ ಹೋಗಬಹುದು. ಬೇಗ ಗುರುತಿಸಿ ಔಷಧಿ ಕೊಟ್ಟರೆ ಮಗು ಬದುಕಿ ಬೆಳೆಯುತ್ತದೆ. ಹೊರನೋಟಕ್ಕೆ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ಅವಸರ ಬೇಡ. ಶಿಶುಗಳಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡುವುದನ್ನು ತಡೆಯುವಂತೆ ಮದ್ರಾಸ್ ಹೈಕೋರ್ಟ್ 2019ರಲ್ಲಿ ತಮಿಳುನಾಡು ಸರ್ಕಾರಕ್ಕೆ ಆದೇಶಿಸಿತು.

ಹದಿಹರೆಯ

ಧ್ವನಿ ಒಡೆಯುವ, ಮುಟ್ಟು ಆರಂಭವಾಗುವ ವಯಸ್ಸು ಇಂಥ ಮಕ್ಕಳಿಗೆ ತುಂಬಾ ಕಠಿಣ. ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ಊಟ ಬಿಡುವುದು, ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳುವುದು, ಸಾಯುವ ಮಾತಾಡುವುದು ಕಂಡರೆ ಹೊಡೆಯಬೇಡಿ, ಹಂಗಿಸಬೇಡಿ. ಕೇಳಿಸಿಕೊಳ್ಳಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಆದರೆ ‘ಔಷಧಿ, ಕರೆಂಟ್ ಶಾಕ್ ಕೊಟ್ಟು ಬದಲಾಯಿಸುತ್ತೇವೆ’ ಎನ್ನುವವರಿಂದ ದೂರವಿರಿ. ಇಂಥ ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ತಿಳಿಸಿದೆ.

ಹೊರದಬ್ಬಲ್ಪಟ್ಟವರ ಆರೋಗ್ಯ

ಮನೆ ಬಿಟ್ಟವರಿಗೆ ಓದು ನಿಲ್ಲುತ್ತದೆ, ಕೆಲಸ ಸಿಗುವುದಿಲ್ಲ. ಹಲವರು ಭಿಕ್ಷೆಗೆ, ಕೆಲವರು ದೇಹ ಮಾರಾಟಕ್ಕೆ ಇಳಿಯಬೇಕಾಗುತ್ತದೆ. ಎಚ್‌ಐವಿಯ ಅಪಾಯ ಹೆಚ್ಚುವುದು ಈ ಸ್ಥಿತಿಯಿಂದ. ತರಬೇತಿ ಇಲ್ಲದವರ ಕೈಯಲ್ಲಿ ಅಂಗ ಕತ್ತರಿಸಿಕೊಂಡು ರಕ್ತಸ್ರಾವ, ಸೋಂಕು, ಮೂತ್ರನಾಳ ಕಿರಿದಾಗುವ ತೊಂದರೆಗೆ ಸಿಲುಕಿದವರಿದ್ದಾರೆ. ವೈದ್ಯರನ್ನು ಕೇಳದೆ ಗರ್ಭನಿರೋಧಕ ಮಾತ್ರೆಗಳನ್ನು ಹಾರ್ಮೋನಿಗಾಗಿ ನುಂಗುವವರೂ ಇದ್ದಾರೆ. ಇದರಿಂದ ರಕ್ತ ಹೆಪ್ಪುಗಟ್ಟಬಹುದು. ಒಂದು ಕಾಲು ಊದಿ ನೋಯುವುದು, ಹಠಾತ್ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದೇಹದಲ್ಲಿ ಯಾವ ಅಂಗ ಇದೆಯೋ ಅದರ ತಪಾಸಣೆ ಬೇಕೇ ಬೇಕು. ಗಂಡಾಗಿ ಬದುಕುತ್ತಿದ್ದರೂ ಗರ್ಭಕೋಶ ಇದ್ದರೆ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಬೇಕು. ಹೆಣ್ಣಾಗಿ ಬದುಕುತ್ತಿದ್ದರೂ ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ಜನ ದುರುಗುಟ್ಟಿ ನೋಡುತ್ತಾರೆಂಬ ಅಂಜಿಕೆಯಿಂದ ಹಲವರು ಜ್ವರಕ್ಕೂ ವೈದ್ಯರ ಬಳಿ ಹೋಗುವುದಿಲ್ಲ. ಆ ಸಾಲಿನಲ್ಲಿ ನಾವೂ ನಿಂತಿರುತ್ತೇವೆ.

ಮನೆಯೇ ಮೊದಲ ಔಷಧಿ

2014ರಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ತೃತೀಯ ಲಿಂಗದ ಮಾನ್ಯತೆ ನೀಡಿತು. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ, ನ್ಯಾಯಾಲಯದ ಆದೇಶವಿಲ್ಲದೆ ಮಗುವನ್ನು ತಂದೆ ತಾಯಿಯಿಂದ ಬೇರ್ಪಡಿಸುವಂತಿಲ್ಲ ಎನ್ನುತ್ತದೆ 2019ರ ಕಾಯ್ದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ 4.87 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಯಾವುದೋ ಮನೆಯಲ್ಲಿ, ಯಾವುದೋ ತಾಯಿಯ ಮಡಿಲಲ್ಲಿ ಹುಟ್ಟಿದವರೇ.

ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗುವವರೆಗೆ ಕಾಯಬೇಕಿಲ್ಲ. ಮಗುವಿಗೆ ಊಟ, ಓದು, ಮಲಗಲು ಜಾಗ, ಜ್ವರ ಬಂದಾಗ ಹಣೆ ಮುಟ್ಟುವ ಕೈ ಇರಲಿ. ಇಷ್ಟು ಉಳಿದರೆ ಅರ್ಧ ಅಪಾಯ ಹೊಸ್ತಿಲಾಚೆಯೇ ನಿಲ್ಲುತ್ತದೆ.